ಹಿಂದಿನ ಮನೆಯವರ ಮಾತು

ಫಾಲ್ ರಿವರ್‌ನಲ್ಲಿ ನನ್ನದೊಂದು ಮರದ ಮನೆ.
ಮೂರು ಮಹಡಿ, ಮೂರು ಅಡುಗೆಮನೆ, ಒಂದೇ ಬಾಯ್ಲರು.
ಕೆಳಗೆ ನಾನು, ಮೇಲೆ ಬಾಡಿಗೆ.
ಇಪ್ಪತ್ತಾರು ವರ್ಷ ಪರದೆ ಕಾರ್ಖಾನೆಯಲ್ಲಿ
ಅಂಚು ಹೊಲಿದು ಹೊಲಿದು ಕೊಂಡದ್ದು.
ಮನೆ ಕಟ್ಟಿ ನೋಡು ಅಂದವರುಂಟು,
ಬಾಡಿಗೆಗೆ ಕೊಟ್ಟು ನೋಡು ಅಂತ
ಯಾರೂ ಹೇಳಿರಲಿಲ್ಲ.

ನಡುವಿನ ಮಹಡಿ ಈಗ ಖಾಲಿ.
ಶನಿವಾರ ಐದು ಜನ ಬಂದು ನೋಡಿದರು.
ಎಲ್ಲರಿಗೂ ಒಂದೇ ಅರ್ಜಿ, ಅದೇ ಪ್ರಶ್ನೆ, ಅದೇ ಕ್ರಮ.
ಮಗಳು ಲಿಡುವೀನಾ ದಪ್ಪಕ್ಷರದಲ್ಲಿ ಬರೆದು
ಫ್ರಿಜ್ಜಿಗೆ ಅಂಟಿಸಿ ಹೋಗಿದ್ದಾಳೆ:
ಮಕ್ಕಳೆಷ್ಟು ಅಂತ ಕೇಳಬಾರದು.
ಯಾವ ದೇಶ, ಯಾವ ಚರ್ಚು, ಕೇಳಬಾರದು.
ಮುಖ ನೋಡಿ ಮಣೆ ಹಾಕಬಾರದು.
ಸಂಬಳದ ಚೀಟಿ ಕೇಳು,
ಹಿಂದಿನ ಮನೆಯವರ ನಂಬರು ಕೇಳು,
ಅಮ್ಮಾ, ದಯವಿಟ್ಟು ಅಷ್ಟೇ ಕೇಳು.

ಅಷ್ಟೇ ಕೇಳಿದೆ.
ಆದರೆ ಆ ನರ್ಸು, ಸಹಿಗೆಂದು
ಕೋಟಿನ ಜೇಬಿನಿಂದ ಪೆನ್ನು ತೆಗೆಯಹೋಗಿ
ಮೇಣದ ಬಣ್ಣದ ಕಡ್ಡಿ ತೆಗೆದಳು, ನೇರಳೆ,
ಕಚ್ಚಿದ ಗುರುತಿತ್ತು ತುದಿಯಲ್ಲಿ.
ಗಬಕ್ಕನೆ ಒಳಗೆ ತುರುಕಿದಳು.
ನಾನು ಕಿಟಕಿಯತ್ತ ತಿರುಗಿ
ಎದುರು ಮೆಟ್ಟಿಲ ಹಿಮವನ್ನು
ಬಹಳ ಹೊತ್ತು ವಿಚಾರಿಸಿಕೊಂಡೆ.

ಇನ್ನೊಬ್ಬ ಬಂದವನೇ ನಲ್ಲಿ ತಿರುಗಿಸಿ
ನೀರು ಬಿಸಿಯಾಗುವ ತನಕ ಗಡಿಯಾರ ನೋಡಿದ,
ಸಿಂಕಿನ ಕೆಳಗೆ ತಲೆ ತೂರಿಸಿದ,
"ಹಿಂದಿನವರು ಯಾಕೆ ಬಿಟ್ಟರು?" ಅಂದ.
ಜರಡಿ ನನ್ನ ಕೈಯಲ್ಲಿದೆ ಅಂದುಕೊಂಡಿದ್ದೆ.

ಸೋಮವಾರ ಫೋನು.
ನ್ಯೂ ಬೆಡ್‌ಫರ್ಡಿನಿಂದ ಒಬ್ಬ ಮನೆ ಮಾಲೀಕ:
"ನಿಮ್ಮ ಮೂರನೆಯ ಮಹಡಿಯ ಆರ್ಮಾಂಡ್ ತೆರಿಯೋ
ನನ್ನಲ್ಲಿ ಅರ್ಜಿ ಹಾಕಿದ್ದಾನೆ. ಮನುಷ್ಯ ಹೇಗೆ?"

ಹೋಗುತ್ತಾನೆಂಬುದೇ ನನಗೆ ಸುದ್ದಿ.
ಎರಡು ತಿಂಗಳ ಬಾಕಿ ಇದೆ ಅವನದು.
ಹೋದರೆ ಬಣ್ಣ ಬಳಿದು
ಇನ್ನೂರು ಡಾಲರು ಹೆಚ್ಚಿಗೆ ಕೇಳಬಹುದು.
ಹಾಗಾದರೆ ಹೇಳಬೇಕಾದ್ದು ಒಂದೇ ಮಾತು:
ಚಿನ್ನದಂಥ ಮನುಷ್ಯ.
ಸಾಗಹಾಕಬೇಕಾದವನನ್ನು
ಹೊಗಳಿಯೇ ಸಾಗಹಾಕುವುದು ನಮ್ಮ ಕಸುಬಿನ ಒಳಗುಟ್ಟು.
ಏಳು ವರ್ಷದ ಹಿಂದೆ ಟಾಂಟನ್ನಿನವನೊಬ್ಬ
ಇದೇ ಆರ್ಮಾಂಡನ ಬಗ್ಗೆ ಇದೇ ಮಾತು ಹೇಳಿ
ಫೋನಿಡುವ ಮುಂಚೆ ಉಸಿರು ಬಿಟ್ಟಿದ್ದ, ಉದ್ದಕ್ಕೆ.
ಆಗ ನನಗೆ ಉಸಿರು ಓದಲು ಬರುತ್ತಿರಲಿಲ್ಲ.

ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.
ಅಷ್ಟರಲ್ಲಿ ಕಾಲಡಿ ಬಾಯ್ಲರು ಗುಡುಗುಡು ಅಂತ ಹೊತ್ತಿಕೊಂಡಿತು.

ಹೋದ ವರ್ಷ ಜನವರಿ. ನಡುರಾತ್ರಿ ಅದು ಸತ್ತುಹೋದಾಗ,
ರಿಪೇರಿಯವರು ನಾಳೆ ನಾಡಿದ್ದು ಅನ್ನುವಾಗ,
ಚಡ್ಡಿಯ ಮೇಲೆ ಕೋಟು ಹಾಕಿಕೊಂಡು
ಟಾರ್ಚು ಬಾಯಲ್ಲಿ ಕಚ್ಚಿ ನೆಲಮಾಳಿಗೆಗೆ ಇಳಿದವನು
ನಾಲ್ಕು ಗಂಟೆಗೆ ಮಸಿಮುಖದಲ್ಲಿ ಮೇಲೆ ಬಂದ.
ಕಾಫಿ ಕುಡಿದ.
ಬಾಡಿಗೆಯಲ್ಲಿ ಒಂದು ಕಾಸೂ ಮುರಿದುಕೊಳ್ಳಲಿಲ್ಲ.
ಆ ತಿಂಗಳ ಬಾಡಿಗೆಯನ್ನೂ ಹೊತ್ತಿಗೆ ಕೊಡಲಿಲ್ಲ ಅನ್ನಿ.

"ಕೊಡುತ್ತಾನೆ" ಅಂದೆ. "ಒಂದನೇ ತಾರೀಕಿಗಲ್ಲ.
ಎರಡು ಸಲ ಬಾಗಿಲು ಬಡಿಯಬೇಕು.
ಸಿಗರೇಟು ಬಿಟ್ಟಿದ್ದೇನೆ ಅಂತಾನೆ, ಬಿಟ್ಟಿಲ್ಲ.
ಬಾಯ್ಲರು ಅವನ ಮಾತು ಕೇಳುತ್ತದೆ."

ಆ ಕಡೆ ಪೆನ್ನಿನ ಸದ್ದು ನಿಂತಿತು.
"ನನ್ನದೂ ಹಳೆಯದೇ" ಅಂದ ಆತ, "ಎಣ್ಣೆಯದು."
ಆಮೇಲೆ ಇಬ್ಬರೂ ಹತ್ತು ನಿಮಿಷ
ಎಣ್ಣೆಯ ರೇಟು ಬೈದುಕೊಂಡೆವು.
ಏನು ತೀರ್ಮಾನ ಮಾಡಿದನೋ ಹೇಳಲಿಲ್ಲ.

ಸಂಜೆ ಆರ್ಮಾಂಡನ ಹೆಜ್ಜೆ ಮೇಲೆ ಹೋಯಿತು,
ನನ್ನ ಬಾಗಿಲ ಮುಂದೆ ಎಂದಿನಂತೆ ತುದಿಗಾಲಲ್ಲಿ.

ನರ್ಸಿನ ಅರ್ಜಿ ತೆಗೆದು
ಅವಳ ಮನೆಯವನಿಗೆ ಫೋನು ಹಚ್ಚಿದೆ.
"ಚಿನ್ನದಂಥ ಹೆಂಗಸು" ಅಂದ.
ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ.
ಹಿಂದೆ ಎಲ್ಲೋ ಟಿವಿ, ಒಂದು ನಾಯಿ.
ಉಸಿರು ಕೇಳಿದಂತೆಯೂ ಆಯಿತು, ಇಲ್ಲದಂತೆಯೂ.
ಅದಕ್ಕೂ ಹಿಂದಿನ ಮನೆಯವರ ನಂಬರು
ಕೇಳಿ ಬರೆದುಕೊಂಡೆ.